ಜಹೀರಾ ಟೀಚರ ಕೂಡುವ ಗುರುತು

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಅಕ್ಕಿ ಮಂಡಿಯ ಮೇಲಂತಸ್ತಿನಲ್ಲಿ ಶಿವಮೂರ್ತಪ್ಪನವರ ಟೈಪಿಂಗ್ ಶಾಲೆ ಇತ್ತು. ಹದಿನಾಲ್ಕು ಟೈಪ್‌ರೈಟರುಗಳು ಒಟ್ಟಿಗೆ ಬಡಿಯತೊಡಗಿದರೆ ಕೆಳಗೆ ಅಕ್ಕಿ ಅಳೆಯುವವರು ಕೂಗಿ ಮಾತಾಡಬೇಕಾಗುತ್ತಿತ್ತು. ಅಲ್ಲಿ ಕಲಿಸುತ್ತಿದ್ದವರು ಜಹೀರುನ್ನೀಸಾ. ಊರಿನವರಿಗೆಲ್ಲ ಜಹೀರಾ ಟೀಚರ್.

ಅವರ ತಂದೆ ಅಬ್ದುಲ್ ಮಜೀದ್ ಟೈಲರ್. ಎಪ್ಪತ್ತನಾಲ್ಕರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಟೈಪಿಂಗಿಗೆ ಸೇರಿಸಿ, ಮೂರು ತಿಂಗಳು ದಿನಾ ಜೊತೆಗೆ ಬಂದು, ಪಾಠ ಮುಗಿಯುವವರೆಗೆ ಕೆಳಗೆ ಅಕ್ಕಿ ಮೂಟೆಯ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದರಂತೆ. ಮೂರು ತಿಂಗಳಾದ ಮೇಲೆ ಶಿವಮೂರ್ತಪ್ಪನವರು ಇಳಿದು ಬಂದು, "ಮಜೀದ್ ಸಾಬ್ರೇ, ನಾಳೆಯಿಂದ ನೀವು ಬರೋದು ಬೇಡ. ನಿಮ್ಮ ಮಗಳು ನನಗೇ ಪಾಠ ಹೇಳೋ ಹಂಗಾಗವ್ಳೆ" ಅಂದರು. ಜೂನಿಯರ್ ಪರೀಕ್ಷೆ ಆಯಿತು, ಸೀನಿಯರ್ ಆಯಿತು. ಮೂರು ವರ್ಷದೊಳಗೆ ಅದೇ ಶಾಲೆಗೆ ಟೀಚರಾದರು.

ಅವರ ಟೈಪಿಂಗಿನಲ್ಲಿ ಒಂದು ವಿಶೇಷವಿತ್ತು. ಬರೆದದ್ದನ್ನು ನೋಡಿ ಟೈಪ್ ಮಾಡುವವರು ಬೇಕಾದಷ್ಟು ಜನ. ಜಹೀರಾ ಎದುರಿಗಿದ್ದವರು ಮಾತಾಡುತ್ತಿದ್ದರೆ ಅವರ ಮುಖವನ್ನೇ ನೋಡುತ್ತ ಟೈಪ್ ಮಾಡುತ್ತಿದ್ದರು. ಮಾತು ನಿಂತಾಗ ಬೆರಳೂ ನಿಲ್ಲುತ್ತಿತ್ತು. ಮನೆಯಲ್ಲಿ ಆಡುವುದು ದಖನಿ ಉರ್ದು, ಇಷ್ಟು ಚೊಕ್ಕ ಕನ್ನಡ ಹೇಗೆ ಬಂತು ಎಂದು, ಮಹಿಳಾ ಸಮಾಜದ ಕಾಗದ ಟೈಪ್ ಮಾಡಿಸಲು ಹೋದಾಗ ಒಮ್ಮೆ ಕೇಳಿದೆ.

"ಕಿವಿಯಿಂದ ನೇರ ಬೆರಳಿಗೆ ಇಳೀತದೆ ಅಕ್ಕಾ. ನಡುವೆ ನಾನು ಅಡ್ಡ ನಿಲ್ಲಲ್ಲ, ಅಷ್ಟೇ" ಅಂದರು.

ಮಧ್ಯಾಹ್ನದ ನಮಾಜಿಗೆ ಹಿಂದಿನ ಕೋಣೆಯಲ್ಲಿ ಒಂದು ಚಾಪೆ ಇಟ್ಟುಕೊಂಡಿದ್ದರು. ಶಿವಮೂರ್ತಪ್ಪನವರು ಹಣೆಯ ತುಂಬ ವಿಭೂತಿ ಧರಿಸುವ ಶಿವಭಕ್ತರು. ಆ ಕೋಣೆಗೆ ಹಳೇ ರಿಬ್ಬನ್ನು, ಎಣ್ಣೆ ಡಬ್ಬ ಏನೂ ಇಡಕೂಡದೆಂದು ಅವರದೇ ಕಟ್ಟಪ್ಪಣೆ. ಒಂದೂವರೆಯ ಹೊತ್ತಿಗೆ ಮಹಡಿ ಹತ್ತಿ ಬಂದವರಿಗೆ ಅವರು ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ನಾನು ಎಷ್ಟೋ ಸಲ ಹಾಗೆ ಬಾಗಿಲಲ್ಲಿ ನಿಂತು, ನನ್ನ ಪಂಚಾಕ್ಷರಿಯನ್ನೂ ಒಂದಿಷ್ಟು ಹೇಳಿಕೊಂಡು ಕಾದಿದ್ದೇನೆ.

ಎಂಬತ್ತೆಂಟರ ಬೇಸಿಗೆಯಲ್ಲಿ ಶಿವಮೂರ್ತಪ್ಪನವರು ಬೆಂಗಳೂರಿನಿಂದ ಒಂದು ಕಂಪ್ಯೂಟರ್ ತಂದರು. ಕನ್ನಡ ಅಕ್ಷರ ಮೂಡಿಸುವ ಕಾರ್ಡೊಂದನ್ನು ಅಂಗಡಿಯವರೇ ಅದರೊಳಗೆ ಕೂರಿಸಿಕೊಟ್ಟಿದ್ದರು. ಪ್ರಿಂಟರನ್ನು ಮಾತ್ರ ತರಲಿಲ್ಲ, ಆಮೇಲೆ ನೋಡೋಣ ಅಂದಿದ್ದರು. ಕಂಪ್ಯೂಟರನ್ನು ಮುಟ್ಟಲು ಶಿವಮೂರ್ತಪ್ಪನವರಿಗೇ ಭಯ. ಅದರ ಜೊತೆಗೆ ಬಂದ ಪುಸ್ತಕವನ್ನು ಜಹೀರಾ ಡಿಕ್ಷನರಿ ಇಟ್ಟುಕೊಂಡು ಓದಿ, ಒಂದು ತಿಂಗಳಲ್ಲಿ ಅದರ ಭಾಷೆ ಹಿಡಿದರು. ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಆರೇಳು ಆಜ್ಞೆಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು ಮೆಷಿನ್ನಿನ ಮೇಲಿನ ಗೋಡೆಗೆ ತೂಗುಹಾಕಿದರು.

ಅದರಲ್ಲಿ ಅವರಿಗೆ ಬಲು ಪ್ರೀತಿಯದ್ದು ನಡುವಿನ ಸಾಲು, ಎರಡು ಫೈಲುಗಳನ್ನು ಒಂದು ಮಾಡುವುದು. ಕಾಪಿ ಎಂದು ಬರೆದು, ಮೊದಲಿನ ಫೈಲಿನ ಹೆಸರು, ಆಮೇಲೆ ಲೆಕ್ಕದಲ್ಲಿ ಬರುವಂಥದೇ ಒಂದು ಕೂಡುವ ಗುರುತು, ಆಮೇಲೆ ಎರಡನೆಯ ಫೈಲಿನ ಹೆಸರು. ಕಲಿಯಲು ಬಂದವರಿಗೆ ಅವರು ಹೇಳಿಕೊಡುತ್ತಿದ್ದುದನ್ನು ಕೇಳಿದ್ದೇನೆ.

"ಈ ಗುರುತು ಇದ್ರೆ ಎರಡನೇದು ಮೊದಲನೇದರ ಕೊನೆಗೆ ಬಂದು ಸೇರ್ಕೊಳ್ತದೆ. ಗುರುತು ಬಿಟ್ರಿ ಅನ್ನಿ, ಮೊದಲನೇದು ಹೋಗಿ ಎರಡನೇದರ ಜಾಗದಲ್ಲಿ ಕೂತ್ಬಿಡ್ತದೆ. ಅಲ್ಲಿದ್ದದ್ದು ಹೋಗೇ ಹೋಯ್ತು."

"ಮೆಷಿನ್ನು ಒಂದು ಮಾತು ಹೇಳಲ್ವಾ ಟೀಚರ್?"

"ಹೇಳಲ್ಲ. ಎರಡಕ್ಕೂ ಒಂದೇ ಮಾತು. ಒಂದು ಫೈಲು ಕಾಪಿ ಆಯ್ತು. ನಿಮ್ಮ ಮನೆ ಒಕ್ಕಲೆದ್ರೂ ಅದಕ್ಕೆ ಅಷ್ಟೇ."

ಆ ವರ್ಷ ನಮ್ಮ ಮಹಿಳಾ ಸಮಾಜದವರು ಸೊಪ್ಪಿನ ಅಡುಗೆಯ ಒಂದು ಪುಸ್ತಕ ಮಾಡಬೇಕೆಂದು ಹೊರಟರು. ಅಂಗಡಿಯ ಸೊಪ್ಪಲ್ಲ. ಹೊಲದ ಬದು, ಕೆರೆಯ ಏರಿ, ತೋಟದ ಕಾಲುವೆಯಲ್ಲಿ ತಾನಾಗಿ ಬರುವ ಸೊಪ್ಪುಗಳು. ಅಜ್ಜಂಪುರದವರು ನೋಟ್‌ಬುಕ್ಕಿನಲ್ಲಿ ಬರೆದು ಕಳಿಸಿದರು, ಜಹೀರಾ ಅದನ್ನು ಒಂದು ಫೈಲಾಗಿ ಟೈಪ್ ಮಾಡಿದರು. ತರೀಕೆರೆಯದನ್ನು ಬರೆದುಕೊಡುತ್ತೇವೆಂದವರು ಇನ್ನೂ ಬರೆಯುತ್ತಲೇ ಇದ್ದರು. ಕಡೂರು ತಾಲ್ಲೂಕಿನದಕ್ಕೆ ಎಲ್ಲರೂ ಹೇಳಿದ ಹೆಸರು ಒಂದೇ, ಸಖರಾಯಪಟ್ಟಣದ ಕಾಶಮ್ಮ.

ಕಾಶಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆಗ ಅವರು ಕಣ್ಣಿನ ಪೊರೆ ತೆಗೆಸಿಕೊಂಡು ತರೀಕೆರೆಯಲ್ಲಿ ಮಗಳು ಪಂಕಜಾಕ್ಷಿಯ ಮನೆಯಲ್ಲಿದ್ದರು. ನಲವತ್ತು ದಿನ ಒಲೆಯ ಮುಂದೆ ಕೂರಬಾರದು, ಬಗ್ಗಬಾರದು, ಬಿಸಿಲಿಗೆ ಹೋಗಬಾರದು. ಸುಮ್ಮನೆ ಕೂತು ಜೀವ ಬೇಸತ್ತಿದ್ದರು. ನಾನೇ ಕೈಹಿಡಿದು ಮಹಡಿ ಹತ್ತಿಸಿಕೊಂಡು ಹೋದೆ. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟಿದ್ದರು.

"ಯಾರು ಬರ್ಕೊಳ್ಳೋದು?" ಅಂದರು ಕೂರುತ್ತಲೇ.

"ನಾನಜ್ಜಿ, ಜಹೀರುನ್ನೀಸಾ."

"ಸಾಬರ ಹುಡುಗೀನಾ? ನೀವು ಸೊಪ್ಪು ತಿಂತೀರೇನೇ?"

"ತಿಂತೀವಜ್ಜಿ. ಅದರ ಜೊತೆ ಇನ್ನೂ ಏನೋ ಇರ್ತದೆ. ಅದನ್ನ ನಿಮ್ಮ ಮುಂದೆ ಹೇಳಲ್ಲ."

ಕಾಶಮ್ಮ ನಕ್ಕು, ತಕ್ಷಣ ಕೆನ್ನೆ ಹಿಡಿದುಕೊಂಡರು. "ನಗಿಸ್ಬೇಡ ಕಣೇ, ಕಣ್ಣಿಗೆ ಹೊಲಿಗೆ ಹಾಕವ್ರೆ." ಆಮೇಲೆ ಗಂಭೀರವಾದರು. "ನೋಡು, ನಮ್ಮತ್ತೆ ನನಗೆ ಒಂದೇ ಸಲ ಹೇಳಿದ್ದು. ನಾನೂ ಒಂದೇ ಸಲ ಹೇಳೋದು. ಹಿಡ್ಕೊಂಡ್ರೆ ನಿಂದು, ಬಿಟ್ರೆ ಹೋಯ್ತು. ಇನ್ನೊಂದ್ಸಲ ಹೇಳಿ ಅಂತ ಬಂದ್ರೆ ನಾನು ಬಾಯೇ ಬಿಡಲ್ಲ."

"ಒಂದಕ್ಷರಾನೂ ಬಿಡಲ್ಲ ಅಜ್ಜಿ."

"ಬಿಟ್ರೆ?"

"ಬಿಟ್ರೆ ನಿಮ್ಮೂರಿಗೆ ಬಂದು ನಿಮ್ಮೆದುರಿಗೇ ಒಪ್ಕೋತೀನಿ."

"ಬಿಡದಿದ್ರೂ ಬಾ. ಎಲ್ಲಾ ಆದ್ಮೇಲೆ ನನಗೊಂದ್ಸಲ ಓದಿ ಹೇಳ್ಬೇಕು. ನಾನು ಹೇಳಿದ್ದು ನನಗೆ ವಾಪಸ್ ಕೇಳ್ಬೇಕು."

ಒಂದು ತಿಂಗಳು, ವಾರಕ್ಕೆ ಮೂರು ದಿನ ಕಾಶಮ್ಮ ಹೇಳಿದರು. ಹೊನಗೊನ್ನೆ, ಅಣ್ಣೆ, ಗಣಿಕೆ, ಚಗಚೆ, ಕನ್ನೆ, ಕಿರಕಸಾಲೆ, ದೊಡ್ಡಗೋಣಿ. ಯಾವ ಮಳೆಗೆ ಬರುತ್ತದೆ, ಬೆಳಗ್ಗೆ ಕುಯ್ಯಬೇಕೋ ಇಳಿಹೊತ್ತಿನಲ್ಲೋ, ಯಾವುದನ್ನು ಉಗುರಿನಲ್ಲೇ ಚಿವುಟಬೇಕು, ಯಾವುದರ ನೀರು ಬಸಿಯಬೇಕು. ಹೇಳುವಾಗ ಅವರ ಕೈಗಳು ಮಡಿಲಲ್ಲಿ ಸೊಪ್ಪು ಬಿಡಿಸುತ್ತಿದ್ದವು. ಎದುರಿಗೆ ಜಹೀರಾ ಕೈಗಳು ಕೀಲಿಮಣೆಯ ಮೇಲೆ. ನೋಟ್‌ಬುಕ್ಕಿಲ್ಲ, ಪೆನ್ನಿಲ್ಲ, ಮಾತು ನೇರ ಫ್ಲಾಪಿಯಲ್ಲಿದ್ದ ಫೈಲಿಗೆ ಹೋಯಿತು. ಐವತ್ತೆರಡು ಸೊಪ್ಪು ಮುಗಿದ ದಿನ ಕಾಶಮ್ಮ, "ಇಷ್ಟೇ ಕಣೇ" ಎಂದು ಎದ್ದು, ಆ ವಾರವೇ ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಹೋದರು.

ಜಹೀರಾ ಆ ಮಾತುಗಳನ್ನು ಸುಮ್ಮನೆ ಇಡಲಿಲ್ಲ. ಟೈಪಿಂಗ್ ಕಲಿಯುವವರಿಗೆ ಕೊಡುತ್ತಿದ್ದ ಅಭ್ಯಾಸವೆಲ್ಲ ಆಫೀಸಿನ ಕಾಗದ. ಮಾನ್ಯರೇ, ತಮ್ಮ ಉಲ್ಲೇಖದನ್ವಯ. ಅದನ್ನು ಬಿಟ್ಟು, ಪರದೆ ನೋಡಿಕೊಂಡು ದಿನಕ್ಕೆರಡು ಸೊಪ್ಪು ಓದಿ ಹೇಳಿ ಟೈಪ್ ಮಾಡಿಸತೊಡಗಿದರು. ತಿಂಗಳ ಕೊನೆಗೆ ತರೀಕೆರೆಯ ಅರ್ಧ ಡಜನ್ ಯುವಕರಿಗೆ ಗಣಿಕೆ ಸೊಪ್ಪಿಗೆ ಹುಳಿ ಹಾಕಬಾರದು ಎಂದು ಗೊತ್ತಾಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಶಿವಮೂರ್ತಪ್ಪನವರು ಹದಿನಾಲ್ಕು ಟೈಪ್‌ರೈಟರು ತೊಳೆದು ಒರೆಸಿ, ಒಂದೊಂದಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವು ಏರಿಸಿದರು. ಕಂಪ್ಯೂಟರಿಗೂ ಆಯಿತು. ಅದರ ಮೇಲೆ ತೂಗುತ್ತಿದ್ದ ಆಜ್ಞೆಯ ಹಾಳೆಯನ್ನು ಮರೆಯಬಾರದೆಂದು, ಅದರ ನಟ್ಟನಡುವೆ ಕುಂಕುಮವನ್ನು ನೀರಿನಲ್ಲಿ ಕಲಸಿ ಹೆಬ್ಬೆರಳಗಲದ ಒಂದು ಬೊಟ್ಟನ್ನು ಭದ್ರವಾಗಿ ಇಟ್ಟರು.

ಜಹೀರಾ ಆ ದಿನ ಇರಲಿಲ್ಲ. ಕಡೂರಿನಲ್ಲಿ ಅಣ್ಣನ ಹೆಂಡತಿ ಖತೀಜಾಬಿಗೆ ಹೆರಿಗೆಯಾಗಿತ್ತು, ಬಾಣಂತನಕ್ಕೆಂದು ಹತ್ತು ದಿನ ಹೋಗಿದ್ದರು. ಅವರು ಬಂದ ದಿನ ನಾನೂ ಮಹಡಿ ಹತ್ತಿದ್ದೆ. ಶಿವಮೊಗ್ಗದ ಪ್ರೆಸ್ಸಿನವರು ಎಲ್ಲವೂ ಒಂದೇ ಫೈಲಿನಲ್ಲಿರಲಿ ಎಂದು ಮೊದಲೇ ಶಾಲೆಗೆ ಹೇಳಿಕಳಿಸಿದ್ದರು.

ಶಿವಮೂರ್ತಪ್ಪನವರ ಮುಖ ಅರಳಿತ್ತು. "ಅದು ಆಗೋಯ್ತು ಕಣಮ್ಮ. ಜಹೀರಮ್ಮ ಬರೋದ್ರೊಳಗೆ ನಾನೇ ಕೂಡಿಸಿಟ್ಟೆ. ಅಜ್ಜಂಪುರ ಮುಂದೆ, ಕಡೂರು ಹಿಂದೆ. ಹಾಳೆ ನೋಡ್ಕೊಂಡು ಒಂದೊಂದೇ ಅಕ್ಷರ ಒತ್ತಿದೆ. ಒಂದು ಫೈಲು ಕಾಪಿ ಆಯ್ತು ಅಂತ ಬಂತು." ಅವರು ಆ ಮೆಷಿನ್ನಿನಲ್ಲಿ ಮಾಡಿದ ಮೊದಲ ಕೆಲಸ ಅದು.

ಜಹೀರಾ ಕೂತು ಕಡೂರಿನ ಫೈಲು ತೆರೆದರು. ಅಜ್ಜಂಪುರದವರ ನುಗ್ಗೆಸೊಪ್ಪಿನ ಪಲ್ಯ ಬಂತು. ಮುಚ್ಚಿ ಅಜ್ಜಂಪುರದ್ದು ತೆರೆದರು. ಅದೇ ಪಲ್ಯ. ಕೊನೆಯವರೆಗೆ ಇಳಿಸಿ ನೋಡಿದರು. ಕಾಶಮ್ಮ ಎಲ್ಲೂ ಇರಲಿಲ್ಲ. ಆಮೇಲೆ ತಲೆಯೆತ್ತಿ ಗೋಡೆ ನೋಡಿದರು. ಎರಡು ಹೆಸರುಗಳ ನಡುವೆ ಕೂಡುವ ಗುರುತಿದ್ದ ಜಾಗದಲ್ಲಿ ಒಣಗಿದ ಕುಂಕುಮ ಕೆಂಪಗೆ ಕೂತಿತ್ತು.

"ಸರಿಯಾಗಿದೆಯಾ ಜಹೀರಮ್ಮ?"

"ಫ್ಲಾಪಿ ಯಾಕೋ ಸರಿಯಾಗಿ ಓದ್ತಿಲ್ಲ ಸಾರ್. ನೋಡ್ತೀನಿ" ಅಂದರು.

ಮೆಟ್ಟಿಲ ಮೇಲೆ ನನಗೆ ನಿಜ ಹೇಳಿದರು. ಇನ್ನೊಂದು ಫ್ಲಾಪಿಗೆ ನಕಲು ತೆಗೆದಿಡಬೇಕೆಂಬ ಬುದ್ಧಿ ಆಗ ನಮಗ್ಯಾರಿಗೂ ಇರಲಿಲ್ಲ.

"ಅವರಿಗೆ ಯಾಕೆ ಹೇಳಲಿಲ್ಲ?" ಅಂದೆ.

"ಪೂಜೆಯ ಕುಂಕುಮ ಅಕ್ಕಾ. ಅದರಿಂದ ಕೆಟ್ಟಿತು ಅಂತ ಗೊತ್ತಾದ್ರೆ ಅವರು ಊಟ ಬಿಡ್ತಾರೆ. ಫ್ಲಾಪಿ ಮೇಲೆ ಸುಳ್ಳು ಹೇಳ್ದೆ. ಇವತ್ತಿನ ನಮಾಜಿನಲ್ಲಿ ಅದನ್ನೂ ಹೇಳ್ಕೋತೀನಿ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಆದ್ರೆ ಆ ಅಜ್ಜಿಗೆ ಏನು ಹೇಳ್ಲಿ? ಒಂದಕ್ಷರಾನೂ ಬಿಡಲ್ಲ ಅಂದಿದ್ದೆ. ಎಲ್ಲಾ ಬಿಟ್ಟೆ."

ಕೆಳಗೆ ಬಂದಾಗ ಮಂಡಿಯ ಬಾಗಿಲಲ್ಲಿ ಒಬ್ಬ ಕಡಲೆಕಾಯಿ ತಿನ್ನುತ್ತ ನಿಂತಿದ್ದ. ಖಾಲಿಯಾದ ಪೊಟ್ಟಣ ಎಸೆದ. ಜಹೀರಾ ಅದನ್ನು ದಾಟಿ ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ಬಗ್ಗಿ ಎತ್ತಿಕೊಂಡು ಬಿಡಿಸಿದರು. ನೀಲಿ ರಿಬ್ಬನ್ನಿನ ಟೈಪಿಂಗ್. ಕನ್ನೆ ಸೊಪ್ಪು.

ಶಾಲೆಯಲ್ಲಿ ಅಭ್ಯಾಸ ಮಾಡಿದ ಹಾಳೆಗಳು ಒಂದು ಗೋಣಿಚೀಲಕ್ಕೆ ಬೀಳುತ್ತಿದ್ದವು. ಚೀಲ ತುಂಬಿದಾಗ ಬಸ್‌ಸ್ಟ್ಯಾಂಡಿನ ಕಡಲೆಕಾಯಿ ಅಂಗಡಿಯ ವಜೀರ್ ಸಾಬ್ ಪೊಟ್ಟಣ ಕಟ್ಟಲು ಒಯ್ಯುತ್ತಿದ್ದರು. ನಾವು ನೇರ ಅಲ್ಲಿಗೆ ಹೋದೆವು.

"ಏನು ಬೇಟಿ, ಟೈಪಿಂಗ್ ಬಿಟ್ಟು ಕಾಗದ ಆಯೋ ಕೆಲಸ ಹಿಡಿದ್ಯಾ?" ಅಂದರು ವಜೀರ್ ಸಾಬ್.

"ಹೌದು ಚಾಚಾ. ಈ ಎರಡು ತಿಂಗಳಿನ ಹಾಳೆ ಎಷ್ಟಿದೆ?"

"ಅರ್ಧ ಚೀಲ ಇರ್ಬೇಕು. ಉಳಿದದ್ದು ಊರು ತಿಂದಿದೆ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಮೊದಲು ನಿಮ್ಮ ಕಾಗದದಲ್ಲಿ ಮಾನ್ಯರೇ ಮಾನ್ಯರೇ ಅಂತ ಇರ್ತಿತ್ತು, ಯಾರೂ ನೋಡ್ತಿರಲಿಲ್ಲ. ಈಗ ಜನ ಪೊಟ್ಟಣ ಬಿಡಿಸಿ ಓದ್ತಾರೆ. ಒಬ್ಬಮ್ಮ ಬಂದು, ಇದರ ಮುಂದಿನ ಹಾಳೇಲಿ ಕಟ್ಕೊಡಿ ಅಂದ್ಳು. ನಮ್ಮನೇಲೂ ವಾರಕ್ಕೆರಡು ದಿನ ಚಗಚೆ ಸೊಪ್ಪು ಆಗಿ ನನ್ನ ಪ್ರಾಣ ಹೋಗ್ತಿದೆ."

ಅರ್ಧ ಚೀಲವನ್ನು ಸುರಿದು, ಮಂಡಿ ಊರಿ ಕೂತು ಆರಿಸಿದೆವು. ಮೂವತ್ತೊಂದು ಸೊಪ್ಪು ಸಿಕ್ಕಿದವು. ಉಳಿದವನ್ನು ಜಹೀರಾ ಕಲಿಯುವವರ ಮನೆಗಳಿಂದ ತರಿಸಿದರು. ಒಬ್ಬಳು ಪುಸ್ತಕಕ್ಕೆ ಬೈಂಡು ಹಾಕಿದ್ದನ್ನು ಬಿಚ್ಚಿಕೊಟ್ಟಳು. ಕರಿಯಣ್ಣ ಎಂಬ ಪೋಸ್ಟ್‌ಮ್ಯಾನ್, ಮೂವತ್ತೈದು ದಾಟಿದ ಮೇಲೆ ಟೈಪಿಂಗ್ ಕಲಿಯಲು ಬಂದವರು, ಎಲ್ಲ ಹಾಳೆಗಳನ್ನೂ ಜೋಡಿಸಿ ಟ್ರಂಕಿನಲ್ಲಿ ಇಟ್ಟಿದ್ದರು. ಅವರದು ಬಲು ನಿಧಾನದ ಕೈ. ಯಾವ ಮಾತಿನ ಹತ್ತಿರ ಯೋಚನೆ ಬಂದರೂ ಆ ಮಾತನ್ನು ಎರಡು ಸಲ ಹೊಡೆಯುವ ಅಭ್ಯಾಸ.

ಹೀಗೆ ನಲವತ್ತೊಂಬತ್ತಾಯಿತು. ನಾನು ಹಾಳೆ ಓದುವುದು, ಜಹೀರಾ ಮತ್ತೆ ಫೈಲಿಗೆ ಸೇರಿಸುವುದು. ಒಂದೇ ಸೊಪ್ಪಿನ ಮೂರು ಹಾಳೆಗಳಿದ್ದರೆ ಮೂರನ್ನೂ ಓದಿಸಿ, ಕಣ್ಣು ಮುಚ್ಚಿ ಕೇಳಿ, "ಇದು ಅಜ್ಜಿ ಮಾತು, ಅದು ನಮ್ಮ ಹುಡುಗರ ಮಾತು" ಎಂದು ಆರಿಸುತ್ತಿದ್ದರು.

ಉಳಿದ ಮೂರು ಬಾಣಂತಿಗೆ ಮಾಡುವ ಸೊಪ್ಪುಗಳು. ತರಗತಿಯಲ್ಲಿ ಗಂಡಸರೂ ಇದ್ದದ್ದರಿಂದ ಅವನ್ನು ಅವರು ಓದಿ ಹೇಳಿರಲೇ ಇಲ್ಲ. ಯಾವ ಹಾಳೆಯಲ್ಲೂ ಇರುವ ಹಾಗಿರಲಿಲ್ಲ.

"ಅಯ್ಯೋ, ಈ ಮೂರು ಹೋದವಲ್ಲ" ಅಂದೆ.

ಜಹೀರಾ ನಿಧಾನವಾಗಿ ನಕ್ಕರು. "ಹೋಗಿಲ್ಲ ಅಕ್ಕಾ. ಖತೀಜಾ ಭಾಬಿಗೆ ಹತ್ತು ದಿನ ಅವನ್ನೇ ಮಾಡಿ ಹಾಕಿದ್ದು." ಕಾಶಮ್ಮ ಮಾಡುತ್ತಿದ್ದ ಹಾಗೇ ಮಡಿಲಲ್ಲಿ ಎರಡು ಕೈಯನ್ನೂ ಒಂದಿಷ್ಟು ಆಡಿಸಿ, ಆಮೇಲೆ ಕೀಲಿಮಣೆಗೆ ಎತ್ತಿಕೊಂಡು ಆ ಮೂರನ್ನೂ ತಡವರಿಸದೆ ಟೈಪ್ ಮಾಡಿದರು.

ಜನವರಿಯಲ್ಲಿ ಇಬ್ಬರೂ ಸಖರಾಯಪಟ್ಟಣದ ಬಸ್ಸು ಹತ್ತಿದೆವು. ಫೈಲನ್ನು ಶಿವಮೊಗ್ಗದಲ್ಲಿ ಅಚ್ಚು ತೆಗೆಸಿ, ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದೆವು. ಕಾಶಮ್ಮ ಜಗಲಿಯಲ್ಲಿ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಜಹೀರಾ ಮುಖವನ್ನು ಅವರು ನೋಡಿದ್ದು ಅದೇ ಮೊದಲು.

"ನೀನೇನಾ? ದನಿ ಕೇಳಿ ಇನ್ನೂ ದಪ್ಪಗಿದ್ದೀ ಅಂದ್ಕೊಂಡಿದ್ದೆ. ಕೂತ್ಕೋ, ಓದು."

ಜಹೀರಾ ಓದಿದರು. ಕಾಶಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತು, ಇಪ್ಪತ್ತೈದು ದಾಟಿತು. ಕಿರಕಸಾಲೆಯ ಹತ್ತಿರ ಕೈ ನಿಂತಿತು.

"ಇನ್ನೊಂದ್ಸಲ ಓದು."

"ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ, ಉಪ್ಪು ಹಾಕಿ, ಉಪ್ಪು ಹಾಕಿ..."

"ನಾನು ಉಪ್ಪು ಎರಡು ಸಲ ಹಾಕ್ಸಿಲ್ಲ. ಇದು ಯಾರ ಕೈ?"

ಕರಿಯಣ್ಣನ ಕೈ. ಎಷ್ಟು ಜಾಗ್ರತೆಯಾಗಿ ಆರಿಸಿದ್ದರೂ ಒಂದು ಉಳಿದುಕೊಂಡಿತ್ತು. ಅದನ್ನು ಅಚ್ಚಿನ ತಪ್ಪು ಎಂದುಬಿಡಬಹುದಿತ್ತು. ಜಹೀರಾ ಕಾಗದ ಕೆಳಗಿಟ್ಟು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

"ಅಜ್ಜಿ, ನೀವು ಹೇಳಿದ್ದೆಲ್ಲಾ ಹೋಗ್ಬಿಟ್ಟಿತ್ತು. ಮೆಷಿನ್ನಿನಲ್ಲಿ ಎರಡು ಫೈಲು ಕೂಡಿಸೋಕೆ ಹೋಗಿ ನಿಮ್ಮದು ಅಳಿಸಿಹೋಯ್ತು. ಒಪ್ಕೋತೀನಿ ಅಂದಿದ್ನಲ್ಲ, ಅದಕ್ಕೇ ಬಂದೆ."

"ಮತ್ತೆ ಇದೇನು ಓದ್ತಿರೋದು?"

ಜಹೀರಾ ಎಲ್ಲ ಹೇಳಿದರು. ಕಡಲೆಕಾಯಿ ಪೊಟ್ಟಣ, ಪುಸ್ತಕದ ಬೈಂಡು, ಪೋಸ್ಟ್‌ಮ್ಯಾನ್ ಟ್ರಂಕು, ಅತ್ತಿಗೆಯ ಬಾಣಂತನ. ಯಾರಿಂದ ಅಳಿಸಿತೆಂದು ಮಾತ್ರ ಹೇಳಲಿಲ್ಲ. ಕಾಶಮ್ಮ ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದರು.

"ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕನ್ನೆ ಸೊಪ್ಪಿನಲ್ಲಿ ಕಡಲೆಕಾಯಿ ಕಟ್ತಿದ್ರಾ?"

"ಹೂಂ ಅಜ್ಜಿ."

ಕಾಶಮ್ಮ ನಗತೊಡಗಿದರು. ಈ ಸಲ ಹೊಲಿಗೆಯ ಭಯವಿರಲಿಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಉಳಿದದ್ದು ಓದು. ಉಪ್ಪು ಒಂದು ತೆಗ್ದಾಕು."

ಐವತ್ತೆರಡೂ ಮುಗಿಯಿತು. ಕಾಶಮ್ಮ ಬೆರಳು ಮಡಿಸಿ ಎಣಿಸುತ್ತಲೇ ಇದ್ದರು. "ಐವತ್ತೆರಡು. ಸರಿ. ಇನ್ನೊಂದು ಐತೆ, ಬರ್ಕೋ."

ನಾನು ಗಾಬರಿಯಾದೆ. ನಾವು ಇನ್ನೂ ಒಂದನ್ನು ಕಳೆದುಕೊಂಡೆವೆಂದೇ ತಿಳಿದೆ.

"ಕಳ್ದಿಲ್ಲ ಕಣೇ, ನಾನು ಹೇಳೇ ಇರಲಿಲ್ಲ" ಅಂದರು ಕಾಶಮ್ಮ. "ನಮ್ಮತ್ತೆ ಐವತ್ತೆರಡು ಹೇಳಿ ಸುಮ್ಮಗಾದ್ಲು. ಮಾರನೇ ವರ್ಷ ನನ್ನ ಕೈಲಿ ಅಷ್ಟೂ ವಾಪಸ್ ಹೇಳಿಸಿ ಆಮೇಲೆ ಕೊನೇದು ಕೊಟ್ಲು. ನನ್ನ ಮಗಳು ಪಂಕಜಿಗೆ ಅರ್ಧಾನೂ ಬರಲ್ಲ, ಅವಳಿಗೆ ಕೊಟ್ಟಿಲ್ಲ. ಬೆರಕೆ ಸೊಪ್ಪು. ಯಾವುದರ ಜೊತೆ ಯಾವುದು ಸೇರ್ತದೆ, ಯಾವುದು ಸೇರಲ್ಲ, ಎಷ್ಟೆಷ್ಟು. ಬಿಡಿ ಸೊಪ್ಪು ಗೊತ್ತಿಲ್ಲದೋರಿಗೆ ಬೆರಕೆ ಹೇಳಿದ್ರೆ ಸಾರು ಕಹಿ ಮಾಡ್ಕೋತಾರೆ."

ಜಹೀರಾ ಎದುರು ಆ ದಿನ ಮೆಷಿನ್ನಿರಲಿಲ್ಲ. ಕಾಶಮ್ಮ ಹೇಳುತ್ತಿದ್ದರೆ ಅವರ ಮುಖ ನೋಡುತ್ತ, ಮಡಿಲಲ್ಲೇ ಬೆರಳಾಡಿಸಿದರು. ಬಸ್ಸಿನಲ್ಲಿ ಬರುವಾಗ ಅದನ್ನು ನನ್ನ ಮುಂದೆ ಎರಡು ಸಲ ಹೇಳಿ ಒಪ್ಪಿಸಿದರು. ಒಂದು ಮಾತೂ ಬಿಟ್ಟಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಬೆರಕೆ ಸೊಪ್ಪನ್ನು ಬೇರೆ ಫೈಲಾಗಿ ಟೈಪ್ ಮಾಡಿ, ಕಡೂರಿನ ಫೈಲಿಗೆ ಕೂಡಿಸಲು ಕೂತರು. ಶಿವಮೂರ್ತಪ್ಪನವರು ಬಂದು ಹಿಂದೆ ನಿಂತರು. ತಾವು ಮಾಡಿದ್ದ ಕೆಲಸವನ್ನೇ ಇನ್ನೊಬ್ಬರು ಮಾಡುವುದನ್ನು ನೋಡುವ ಆಸೆ. ಜಹೀರಾ ಕಾಪಿ ಎಂದು ಹೊಡೆದರು. ಕಡೂರು ಎಂದು ಹೊಡೆದರು. ಕೂಡುವ ಗುರುತು ಹೊಡೆದರು.

"ಅದೇನು ನಡುವೆ?" ಅಂದರು ಶಿವಮೂರ್ತಪ್ಪನವರು. ಪರದೆ ನೋಡಿ, ಗೋಡೆ ನೋಡಿ, ಮತ್ತೆ ಪರದೆ ನೋಡಿದರು. ಕನ್ನಡಕ ಏರಿಸಿಕೊಂಡು ಹಾಳೆಯ ಹತ್ತಿರ ಹೋಗಿ, ಆ ಕೆಂಪು ಬೊಟ್ಟಿನ ಅಂಚಿನಲ್ಲಿ ಚೂರೇ ಇಣುಕುತ್ತಿದ್ದ ನೀಲಿ ಗೆರೆಯನ್ನು ನೋಡಿದರು.

"ಫ್ಲಾಪಿ ಕೆಟ್ಟಿರಲಿಲ್ಲ" ಅಂದರು.

"ಎಲ್ಲಾ ಸಿಕ್ತಲ್ಲ ಸಾರ್. ಒಂದು ಜಾಸ್ತೀನೇ ಸಿಕ್ತು."

"ಈ ಕುಂಕು​ಮಾನಾದ್ರೂ ಒರೆಸಬಹುದಿತ್ತಲ್ಲ ನೀನು, ಮೂರು ತಿಂಗಳಿಂದ."

"ನೀವು ದೇವರ ಹೆಸರಲ್ಲಿ ಇಟ್ಟಿದ್ದು ಸಾರ್. ನನ್ನ ಕೈ ಹೋಗಲಿಲ್ಲ."

ಶಿವಮೂರ್ತಪ್ಪನವರು ಕೆಳಗೆ ಹೋಗಿ ಹೊಸದೊಂದು ಡ್ರಾಯಿಂಗ್ ಹಾಳೆ ತಂದು ಜಹೀರಾ ಮುಂದಿಟ್ಟರು. ಹಳೆಯದನ್ನು ತೆಗೆಯಲು ಬಿಡಲಿಲ್ಲ. ಹೊಸದು ಅದರ ಪಕ್ಕದಲ್ಲಿ ಬಂತು. ಮುಂದಿನ ಆಯುಧಪೂಜೆಯಲ್ಲಿ ಅವರು ಕುಂಕುಮದ ಬಟ್ಟಲು ಹಿಡಿದು ಬಂದು, ಹೊಸ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಅದು ತೂಗುತ್ತಿದ್ದ ಮೊಳೆಗೆ ಒಂದು ಸಣ್ಣ ಬೊಟ್ಟು ಇಟ್ಟರು.

ಜನವರಿಯ ಆ ಬೆಳಗ್ಗೆ ಮಾತ್ರ ಇನ್ನೂ ಕೆಲಸ ಬಾಕಿಯಿತ್ತು. ಪರದೆಯ ಮೇಲೆ ಕಡೂರು, ಕೂಡುವ ಗುರುತು, ಆಮೇಲೆ ಬೆರಕೆ. ಜಹೀರಾ ಕುರ್ಚಿಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದರು.

"ಸಾರ್, ಈಗ ನೀವು ಒತ್ತಿ."

ಶಿವಮೂರ್ತಪ್ಪನವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಬೆರಳನ್ನು ಪಂಚೆಗೆ ಒರೆಸಿಕೊಂಡು, ಸಾಲನ್ನು ಎರಡು ಸಲ ಓದಿ, ಒತ್ತಿದರು. ಒಂದು ಫೈಲು ಕಾಪಿ ಆಯಿತು ಎಂದು ಬಂತು. ಈ ಸಲ ಅವರು ಅದನ್ನು ನಂಬಲಿಲ್ಲ. ಫೈಲು ತೆರೆಸಿ, ಹೊನಗೊನ್ನೆಯಿಂದ ಬೆರಕೆಯವರೆಗೆ, ಐವತ್ತಮೂರನ್ನೂ ಜಹೀರಾ ಕೈಲಿ ಓದಿಸಿ ಕೇಳಿದ ಮೇಲೆಯೇ ಕುರ್ಚಿಯಿಂದ ಎದ್ದರು.